ತಾರೀಖು ಹೇಳ್ರಿ

ಮನೆ ಸಾಲದ ಕಂತು ತಪ್ಪಿ ನಾಲ್ಕನೇ ತಿಂಗಳಿಗೆ ಬಿದ್ದಾಗ, ಬ್ಯಾಂಕಿಗೆ ನಾನೇ ಹೋಗಿ ಮಾತಾಡುತ್ತೇನೆ ಎಂದು ನಮ್ಮವರಿಗೆ ಹೇಳಿದೆ. ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ಅರ್ಧ ಆಯುಷ್ಯ ಕಳೆದ ಮನುಷ್ಯ, ತಮ್ಮ ವಿಭಾಗಕ್ಕೆ ಬೀಗ ಬಿದ್ದ ದಿನದಿಂದ ಮಾತೇ ಮರೆತವರಂತೆ ಇದ್ದರು. ಬೆಳಿಗ್ಗೆ ಮಾತ್ರ ಹಳೆಯ ಹೊತ್ತಿಗೇ ಎದ್ದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಅದೇ ಬಸ್ಸು ಹತ್ತುತ್ತಿದ್ದರು. ಗೇಟಿನಿಂದ ಗೇಟಿಗೆ ಕೆಲಸ ಕೇಳುತ್ತ ಅಲೆದು ಸಂಜೆ ಬರುತ್ತಿದ್ದರು. ಇಲ್ಲದ ಡ್ಯೂಟಿಗೆ ನಾನು ದಿನಾ ಡಬ್ಬಿ ಕಟ್ಟುತ್ತಿದ್ದೆ. ಕಟ್ಟದೇ ಇದ್ದರೆ ಅತ್ತೆಗೆ ಗೊತ್ತಾಗುತ್ತಿತ್ತು.

ಅತ್ತೆಗೆ ಗೊತ್ತಾಗಬಾರದು ಅನ್ನುವುದೊಂದೇ ಆಗ ನಮ್ಮಿಬ್ಬರ ನಡುವೆ ಉಳಿದಿದ್ದ ಸಂಸಾರ. ಅವರು ಹಳೆಯ ಬಾಗಲಕೋಟೆಯವರು. ಆಣೆಕಟ್ಟಿನ ಹಿನ್ನೀರು ಬಂದಾಗ ಅವರ ಓಣಿಗೆ ಓಣಿಯೇ ಮುಳುಗಡೆಯಾಯಿತು. ತಾವು ಮದುವೆಯಾಗಿ ಬಲಗಾಲಿಟ್ಟ ಮನೆಯ ಮೇಲೆ ನೀರು ನಿಂತಿದ್ದನ್ನು ದಂಡೆಯಲ್ಲಿ ನಿಂತು ನೋಡಿದವರು. ಸರಕಾರ ಕೊಟ್ಟ ಪರಿಹಾರದ ದುಡ್ಡನ್ನು ಮಾವ ಮುಟ್ಟದೆ ಠೇವಣಿ ಇಟ್ಟಿದ್ದರು. ಮಾವ ಹೋದ ಮೇಲೆ ಅತ್ತೆ ಹೈದರಾಬಾದಿಗೆ ನಮ್ಮ ಹತ್ತಿರ ಬಂದರು. ಮಲ್ಕಾಜ್‌ಗಿರಿಯಲ್ಲಿ ಈ ಫ್ಲ್ಯಾಟು ನೋಡಿದಾಗ, "ಮನಿ ಹೋದ ರೊಕ್ಕ, ಮನಿಗೇ ಹಾಕ್ರಿ" ಎಂದು ಅಷ್ಟನ್ನೂ ತೆಗೆದುಕೊಟ್ಟರು. ಉಳಿದದ್ದಕ್ಕೆ ಬ್ಯಾಂಕಿನ ಸಾಲ.

ಗೃಹಪ್ರವೇಶದ ದಿನ ಮೂರನೇ ಮಹಡಿಯ ಬಾಲ್ಕನಿಯಿಂದ ಬಗ್ಗಿ ನೋಡಿ ಮಗನನ್ನು ಕೇಳಿದ್ದರು, "ಇಲ್ಲಿತನಕಾ ನೀರು ಬರಂಗಿಲ್ಲಲ್ಲೋ?"

"ಯವ್ವಾ, ಇಲ್ಲಿ ಕುಡ್ಯಾಕ ನೀರು ಬಂದ್ರ ಸಾಕಾಗೈತಿ" ಎಂದು ಅವರು ನಕ್ಕಿದ್ದರು. ನಾವೆಲ್ಲ ನಕ್ಕಿದ್ದೆವು.

ಅಂಥವರಿಗೆ ಈ ಮನೆಯೂ ಹೋಗುತ್ತದೆ ಎಂದು ಹೇಳುವ ಬಾಯಿ ಯಾರಿಗಿದೆ? ನನಗಂತೂ ಇರಲಿಲ್ಲ.

ಬ್ಯಾಂಕಿನ ಕರೆಗಳು ನಮ್ಮವರ ಹಳೆಯ ನಂಬರಿಗೆ ಬರುತ್ತಿದ್ದವು. ಕಾಟ ತಾಳಲಾರದೆ ಅವರು ಬೇರೊಂದು ಅಗ್ಗದ ಫೋನು ಕೊಂಡು, ಹಳೆಯದನ್ನು ಮನೆಯಲ್ಲೇ ಬಿಟ್ಟುಹೋಗುತ್ತಿದ್ದರು. ಅದನ್ನು ಬಂದ್ ಮಾಡುವ ಹಾಗಿರಲಿಲ್ಲ. ಹುಬ್ಬಳ್ಳಿಯಲ್ಲಿರುವ ನಾದಿನಿ ತಾಯಿಯ ಜೊತೆ ಮಾತಾಡುವುದು ಅದೇ ನಂಬರಿನಲ್ಲಿ. ಹೀಗಾಗಿ ನಾನು ಶಾಲೆಗೆ ಪಾಠ ಮಾಡಲು ಹೋದಾಗ ಆ ಫೋನು ಅತ್ತೆಯ ಕೈಯಲ್ಲಿ. ಸಾಲ ವಸೂಲಿಯವರು ಕೆಲವು ದಿನ ಹಿಂದಿಯಲ್ಲಿ, ಕೆಲವು ದಿನ ತೆಲುಗಿನಲ್ಲಿ ಕೂಗಾಡುತ್ತಿದ್ದರು. ಅತ್ತೆಯ ತೆಲುಗು ಕಾಯಿಪಲ್ಯದ ಗಾಡಿಯಿಂದ ಆಚೆ ಹೋದದ್ದಲ್ಲ. "ಹಿಂದಿ ನಹೀ ಮಾಲೂಮ್, ಮಗಾ ಡ್ಯೂಟಿಗೆ ಹೋಗ್ಯಾನ" ಎಂದು ಹೇಳಿ ಇಟ್ಟುಬಿಡುತ್ತಿದ್ದರು.

ಸಂಜೆ ನನಗೆ ವರದಿ ಒಪ್ಪಿಸುತ್ತಿದ್ದರು. "ಯಾವನೋ ಇವತ್ತೂ ಫೋನ್ ಮಾಡಿದ್ದ. ತೆಲಗದಾಗ ಬಡಬಡಿಸಿದ. ಇನ್ಶೂರೆನ್ಸಿನಾವ ಇರಬೇಕು, ಪಾಪ, ಗಂಟಲಾ ಹರಕೋತಾನ."

ನಾನು "ಹೌದ್ರಿ ಅತ್ತೀ, ಇನ್ಶೂರೆನ್ಸಿನಾವನ" ಎಂದು ಒಳಗೆ ಹೋಗಿ ಒಲೆ ಹಚ್ಚುತ್ತಿದ್ದೆ.

ಬ್ಯಾಂಕಿಗೆ ಹೋದೆನಲ್ಲ, ಅಲ್ಲೇನೂ ಆಗಲಿಲ್ಲ. ಸಾಲ ಕೊಡುವಾಗ ಚಹಾ ತರಿಸಿಕೊಟ್ಟಿದ್ದ ಅದೇ ಮೇಜು. ಅಲ್ಲಿ ಕೂತಿದ್ದ ಅಧಿಕಾರಿ ಮಾತ್ರ ಹೊಸಬ. ಕಂಪ್ಯೂಟರು ನೋಡಿ, "ಇದಿ ಮಾ ಚೇತಿಲೋ ಲೇದಮ್ಮಾ" ಎಂದ. ತಮ್ಮ ಕೈಯಲ್ಲಿಲ್ಲವಂತೆ. ತಪ್ಪಿದ ಕಂತಿನ ವಿಷಯವೆಲ್ಲ ಈಗ ಫೋನಿನವರು ನೋಡುತ್ತಾರಂತೆ, ಅವರಿಗೇ ಹೇಳಿಕೊಳ್ಳಬೇಕಂತೆ. ನನ್ನ ಹಿಂದಿನವನಿಗೆ ಆಗಲೇ ಕೈ ಮಾಡಿ ಕರೆಯುತ್ತಿದ್ದ. ಅಲ್ಲಯ್ಯಾ, ಸಹಿ ಹಾಕಿಸಿಕೊಳ್ಳುವಾಗ ಮಾತ್ರ ನಿಮ್ಮ ಕೈಯಿತ್ತೇನು ಎಂದು ಕೇಳಬೇಕೆನ್ನಿಸಿತು. ತೆಲುಗಿನಲ್ಲಿ ನನಗೆ ಜಗಳ ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಹಳೆಯ ಫೋನು ಎತ್ತಿಕೊಂಡು ಟೆರೇಸಿಗೆ ಹೋದೆ. ನೀರಿನ ಟಾಕಿಯ ನೆರಳಲ್ಲಿ ಕೂತು ಬ್ಯಾಂಕಿನ ನಂಬರು ಒತ್ತಿದೆ. ಹಿಂದಿಗೆ ಇಂಥದ್ದು ಒತ್ತಿ, ಇಂಗ್ಲಿಷಿಗೆ ಇಂಥದ್ದು, ತೆಲುಗಿಗೆ ಇಂಥದ್ದು ಎಂದು ಹೇಳುತ್ತ ಹೋದ ಆ ಧ್ವನಿ, ಕೊನೆಗೆ ಕನ್ನಡದ ಹೆಸರನ್ನೂ ಹೇಳಿತು. ಅಯ್ಯ, ನಮ್ಮದೂ ಐತಲ್ಲ! ಯೋಚನೆಯನ್ನೇ ಮಾಡದೆ ಒತ್ತಿದೆ.

"ಹೇಳ್ರಿ ಅಕ್ಕಾರ, ಏನ್ ಸಹಾಯ ಆಗಬೇಕಿತ್ರಿ?" ನಮ್ಮ ಕಡೆಯ ಹುಡುಗಿ. ಧಾರವಾಡವೋ ಗದಗೋ, ಅಂತೂ ನಮ್ಮ ಕಡೆಯ ಮಾತು. ಮನೆಯ ಹೊಸ್ತಿಲು ದಾಟಿದರೆ ತೆಲುಗು, ಹಿಂದಿ ಎಂದು ವರ್ಷಗಟ್ಟಲೆ ನಾಲಿಗೆ ತಿರುವಿ ಬದುಕಿದವಳು ನಾನು. ಆ ಒಂದು ಮಾತಿಗೆ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

"ಅಳಬ್ಯಾಡ್ರಿ. ಮೊದಲ ನೀರ್ ಕುಡೀರಿ. ನಾ ಲೈನಿನ್ಯಾಗ ಇರ್ತೀನಿ" ಎಂದಳು.

ಎಲ್ಲ ಹೇಳಿದೆ. ಕಾರ್ಖಾನೆ, ಡಬ್ಬಿ, ಅತ್ತೆಯ ಮುಳುಗಿದ ಮನೆ, ಯಾವುದನ್ನೂ ಬಿಡಲಿಲ್ಲ. ಒಂದು ವರ್ಷ ಕಂತು ಕಡಿಮೆ ಮಾಡಿರಿ, ನನ್ನ ಸಂಬಳದಲ್ಲಿ ಆಗುವಷ್ಟು ಕಟ್ಟುತ್ತೇನೆ, ಮನೆಗೆ ಮಾತ್ರ ಕೈ ಹಚ್ಚಬೇಡಿರಿ ಎಂದೆ. ಆಕೆ ನಡುವೆ ಬಾಯಿ ಹಾಕದೆ ಕೇಳಿದಳು.

"ನಿಮ್ಮ ಅರ್ಜಿ ಮ್ಯಾಲೆ ಕಳಸ್ತೀನ್ರಿ. ಬಾಕಿ ಯಾವಾಗ ಕಟ್ತೀರಿ? ಒಂದು ತಾರೀಖು ಹೇಳ್ರಿ."

"ಅವ್ರಿಗೆ ಕೆಲಸಾ ಸಿಕ್ಕ ಕೂಡ್ಲೆ ಕಟ್ತೀವವ್ವಾ."

"ಹಂಗ ಬರ್ಯಾಕ ಬರಂಗಿಲ್ರಿ. ತಾರೀಖು ಹಾಕದಿದ್ರ ಇದು ಮುಂದಕ ಹೋಗಂಗೇ ಇಲ್ಲ."

ಯಾವ ದೇವರ ತಾರೀಖು ಹೇಳಲಿ? ಯುಗಾದಿಯ ಮರುದಿನ ಎಂದೆ. ಬರೆದುಕೊಂಡಳು. ಆಮೇಲೆ ಕೇಳಿದಳು, "ಇನ್ನ ಮುಂದ ಈ ನಂಬರಿಗೆ ಫೋನು ಕನ್ನಡದಾಗ ಬರೂಹಂಗ ಮಾಡ್ಲೇನ್ರಿ?"

"ಮಾಡವ್ವಾ, ಪುಣ್ಯಾ ಬರ್ತೈತಿ ನಿನಗ" ಎಂದೆ. ಹಾಗೇ ಅಂದೆ, ಇದೇ ಬಾಯಿಯಿಂದ. ಕಣ್ಣು ಒರೆಸಿಕೊಂಡು ಕೆಳಗೆ ಇಳಿದು ಬಂದಾಗ ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

ಅರ್ಜಿ ಏನಾಯಿತೋ ಯಾರಿಗೂ ಗೊತ್ತಿಲ್ಲ. ಮತ್ತೆ ಎರಡು ಸಲ ಟೆರೇಸಿಗೆ ಹೋಗಿ ಫೋನು ಮಾಡಿದೆ. ಆ ಹುಡುಗಿ ಮತ್ತೆ ಸಿಗಲಿಲ್ಲ. ಬೇರೆಯವರು, ಅಷ್ಟೇ ಮೆತ್ತಗೆ, ಮೊದಲಿನಿಂದ ಎಲ್ಲವನ್ನೂ ಹೇಳಿಸಿ ಕೊನೆಗೆ ಬರುತ್ತಿದ್ದದ್ದು ಅಲ್ಲಿಗೇ: ತಾರೀಖು. ಎರಡನೇ ಸಲ ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಬಾಯಾಗ ಬ್ಯಾರೆ ಮಾತೇ ಇಲ್ಲೇನ್ರಿ? ಗೊತ್ತಿದ್ರ ನಾ ಹೇಳ್ತಿದ್ದಿಲ್ಲೇನು?" ಎಂದು ಒದರಿದೆ. ಅತ್ತಲಿಂದ, "ನಿಮ್ಮ ತೊಂದ್ರಿ ಅರ್ಥ ಆಗತೈತ್ರಿ" ಎಂಬ ಉತ್ತರ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಯುಗಾದಿಗೆ ಇನ್ನೂ ದಿನಗಳಿದ್ದವು, ಮನೆಯಲ್ಲಿ ಬೆಲ್ಲದ ಹೊರತು ಏನೂ ಹೊಸದಾಗಿ ತಂದಿರಲಿಲ್ಲ.

ಆ ದಿನಗಳಲ್ಲಿ ಅತ್ತೆ ಇನ್ಶೂರೆನ್ಸಿನವನ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದರು. ಕಾಟ ನಿಂತಿತು, ಹುಡುಗಿ ಹೇಳಿದ ಹಾಗೆ ಮೇಲಿನವರು ನೋಡುತ್ತಿದ್ದಾರೆ ಎಂದುಕೊಂಡೆ. ಎಂಥ ಹುಚ್ಚಿ ನಾನು! ರಾತ್ರಿ ಊಟಕ್ಕೆ ಕರೆದರೆ ಅತ್ತೆ ಹೊಟ್ಟೆ ಸರಿ ಇಲ್ಲ ಎನ್ನುತ್ತಿದ್ದರು. ಬಿ.ಪಿ. ಗುಳಿಗೆ ತರಲೇ ಎಂದರೆ, "ಇನ್ನೂ ಭಾಳ ಅದಾವ, ಈಗ ಬ್ಯಾಡ" ಎನ್ನುತ್ತಿದ್ದರು. ಎಲ್ಲಿಂದ ಬಂದವು ಅಷ್ಟು ಗುಳಿಗೆ ಎಂದು ಡಬ್ಬಿ ತೆರೆದು ನೋಡುವ ಬುದ್ಧಿ ನನಗಾಗಲಿಲ್ಲ. ವಯಸ್ಸಾಗಿದೆ, ಸೆಕೆಗೆ ಬಾಯಿ ಕೆಟ್ಟಿದೆ ಎಂದು ಮಜ್ಜಿಗೆ ಕೊಟ್ಟು ಸುಮ್ಮನಾದೆ.

ಬೇಸಿಗೆಯ ಒಪ್ಪೊತ್ತಿನ ಶಾಲೆ ಶುರುವಾದ ಮೊದಲ ದಿನ ನಾನು ಮಧ್ಯಾಹ್ನಕ್ಕೇ ಮನೆಗೆ ಬಂದೆ. ಗಾಳಿಗೆಂದು ಬಾಗಿಲು ಅರ್ಧ ತೆರೆದಿತ್ತು. ಹಾಲಿನಲ್ಲಿ ಫ್ಯಾನು ಕೂಡ ಹಾಕಿಕೊಳ್ಳದೆ ಅತ್ತೆ ನೆಲದ ಮೇಲೆ ಕೂತಿದ್ದರು. ನನಗೆ ಬೆನ್ನು. ಹಳೆಯ ಫೋನನ್ನು ಎರಡೂ ಕೈಯಿಂದ ಕಿವಿಗೆ ಹಿಡಿದುಕೊಂಡಿದ್ದರು. ನಾದಿನಿ ಇರಬೇಕೆಂದು ಚಪ್ಪಲಿ ಬಿಡುತ್ತಿದ್ದೆ.

"ಬೈಬ್ಯಾಡಪ್ಪಾ ಅವಗ. ಅವಾ ಏನ್ ಕುಂತಿಲ್ಲ, ದಿನಾ ಕೆಲಸಾ ಹುಡುಕಾಕ ಹೋಗ್ತಾನ" ಎಂದರು ಅತ್ತೆ.

ಕೆಲಸ ಹುಡುಕಲು ಎಂದರು. ಡ್ಯೂಟಿಗೆ ಎನ್ನಲಿಲ್ಲ. ಡಬ್ಬಿ ಕಟ್ಟಿಕೊಂಡು ಹೋಗುವ ಮಗನನ್ನು ಬಾಗಿಲಲ್ಲಿ ನಿಂತು ಕಳಿಸಿಕೊಡುತ್ತಿದ್ದರಲ್ಲ, ಇಷ್ಟು ದಿನ ಗೊತ್ತಿದ್ದೂ ನಿಂತಿದ್ದರು. ಫೋನಿನಿಂದ ಗಂಡಸಿನ ಧ್ವನಿ ಸಣ್ಣಗೆ ಕೇಳಿಸುತ್ತಿತ್ತು. ಸ್ವಚ್ಛ ಕನ್ನಡ. ನಾನೇ ಕೇಳಿ ತರಿಸಿಕೊಂಡ ಕನ್ನಡ.

"ತಿಳೀತು ತಮ್ಮಾ, ದಿನಾ ಹೇಳ್ತೀಯಲ್ಲ. ನಾನೂ ದಿನಾ ಅದನ್ನ ಹೇಳಾಕತ್ತೀನಿ. ನಂದೊಂದು ಮನಿ ನೀರಾಗ ಹೋತು. ಇದನ್ನ ನಾ ಇರೂತನಕಾ ಬಿಟ್ಟುಬಿಡ್ರಿ, ಆಮ್ಯಾಲ ಬೇಕಾದ್ದ ಮಾಡ್ಕೋರಿ. ನನಗೇನ್ ಭಾಳ ದಿನಾ ಬೇಕಾಗಿಲ್ಲಪ್ಪಾ. ಊಟಾ ಕಡಿಮಿ ಮಾಡೀನಿ, ಗುಳಿಗಿ ಬಿಟ್ಟೀನಿ."

ನನ್ನ ಕೈಯಿಂದ ಚೀಲ ಜಾರಿ ನೆಲಕ್ಕೆ ಬಿತ್ತು. ಅತ್ತೆ ತಿರುಗಿ ನೋಡಿದರು. ಗಾಬರಿಯಾಗಲಿಲ್ಲ. ಫೋನಿನ ಮೇಲೆ ಸೆರಗು ಮುಚ್ಚಿ, ಮೆಲ್ಲಗೆ ಕರೆದರು.

"ಬಂದೇನವ್ವಾ? ಛಲೋ ಆತು ಬಾ. ಹುಡುಗ ಕೆಟ್ಟಾವಲ್ಲ, ದಿನಾ ಊಟಾ ಆತೇನ್ರಿ ಅಂತ ಕೇಳ್ತಾನ. ಆದ್ರ ನಾ ಹೋಗೂತನಕಾ ತಡೀರಿ ಅಂದ್ರ, ತಾರೀಖು ಹೇಳ್ರಿ ಅಂತಾನ. ತಾರೀಖಿಲ್ದ ಬರ್ಯಾಕ ಬರಂಗಿಲ್ಲಂತ." ಫೋನನ್ನು ನನ್ನ ಕಡೆ ಚಾಚಿದರು. "ನನಗ ಹ್ಯಾಂಗ ತಿಳೀಬೇಕು ಅದು? ನೀ ಕಲತಾಕಿ, ಒಂದು ಅಂದಾಜ ಮಾಡಿ ಹೇಳಿಬಿಡು."