ಬೆನ್ನ ಹಿಂದಿನ ಎರಿಭೂತ

ದೋಸ್ತರ, ಇವತ್ತು ಅಕ್ಕಲಕೋಟದ ನನ್ನ ಸೋದರತ್ತಿ ಜೋಡಿ ಸೋಲಾಪುರದ ಹೊರಗಿನ ಹೊಸಾ ಅಭಯಾರಣ್ಯಕ್ಕ ಹೋಗಿದ್ದೆ. ಅಲ್ಲಿಯ ಮರಾಠಿ ಗಾರ್ಡ್ ಹರಕು ಕನ್ನಡದಾಗ ಅತ್ತೀನ್ನ ಕೇಳಿದ: "ಮಾವಶಿ, ಮಾಳಢೋಕ ಪಕ್ಷಿ ಕಂಡತೇನ್ರಿ? ತಿಂಗಳಾತು, ನನಗ ಒಂದೂ ಕಂಡಿಲ್ಲ. ಸಾಹೇಬ್ರು ದಿನಾ ಬೈತಾರ."

"ಅದ್ಯಾವುದೋ ನನಗ ಗೊತ್ತಿಲ್ಲ ತಮ್ಮಾ," ಅಂದ್ಲು ಅತ್ತಿ. "ಎರಿಭೂತ ಐತಿ ನೋಡು, ನಿನ್ನ ಬೆನ್ನ ಹಿಂದ."

ಭೂತ ಅಂದದ್ದಷ್ಟ ಕೇಳಿ, ಹೊಳ್ಳಿ ನೋಡದ ಓಡಿದ.

ಹುಲ್ಲಿನಾಗ ಸೊಂಟದೆತ್ತರದ ಹಕ್ಕಿ, ಬಿಳೀ ಕುತ್ತಿಗಿ ಎತ್ತಿಕೊಂಡು, ಬಿಸಿಲಿನಾಗ ತೇಲಿದಂಗ ನಡದಿತ್ತು. ಕನಸು ಒಡದೀತು ಅಂತ ನಾವು ಉಸಿರ ಬಿಡಲಿಲ್ಲ.

ಮರಾಠ್ಯಾಗ ಮಾಳಢೋಕ, ನಮ್ಮಲ್ಲಿ ಎರಿಭೂತ. ಹಕ್ಕಿ ಒಂದ. ಪಾಪ, ಸಾಹೇಬ್ರಿಗೆ ಏನಂತ ಹೇಳ್ಯಾನೋ: ಪಕ್ಷಿ ಇಲ್ಲ, ಭೂತ ಒಂದು!