ಗಿರಿಜವ್ವನ ಗಿರಣಿ ಮತ್ತು ‘ರನ್’ ಎಂಬ ಮಾತು

ದಿಗ್ಗೇವಾಡಿಯ ಗಿರಿಜವ್ವ ಏಳನೆಯ ಇಯತ್ತೆವರೆಗೆ ಓದಿದ್ದಳು. ಇಂಗ್ಲಿಷಿನಲ್ಲಿ ಅವಳಿಗೆ ನೆನಪಿದ್ದದ್ದು ಇಪ್ಪತ್ತು ಮೂವತ್ತು ಪದ. ಕಮ್ ಎಂದರೆ ಬಾ, ಸಿಟ್ ಎಂದರೆ ಕೂಡು, ರನ್ ಎಂದರೆ ಓಡು.

೧೯೮೭ರಲ್ಲಿ ಗಂಡ ವಿರುಪಾಕ್ಷಪ್ಪ ಕ್ಷಯದಿಂದ ತೀರಿಕೊಂಡ. ಹಿಟ್ಟಿನ ಗಿರಣಿ ಅವನ ಹೆಸರಿನಲ್ಲಿತ್ತು. ಅವನು ಹಾಸಿಗೆ ಹಿಡಿದ ಎಂಟು ತಿಂಗಳೂ ಯಂತ್ರದ ಚಕ್ರಕ್ಕೆ ಬೆಲ್ಟು ಏರಿಸಿ ಜೋಳ ಬೀಸಿದವಳು ಗಿರಿಜವ್ವನೇ.

ಪರವಾನಗಿ ಯಾರ ಹೆಸರಿಗೆ ಮಾಡಬೇಕೆಂದು ನೋಡಲು ಒಬ್ಬ ಅಧಿಕಾರಿ ಬಂದರು. ಹೊರರಾಜ್ಯದವರು, ಕನ್ನಡ ಬಾರದು. ಗಿರಿಜವ್ವನನ್ನೇ ನೋಡಿ, “ಹೂ ವಿಲ್ ರನ್ ದ ಮಿಲ್?” ಎಂದು ಕೇಳಿದರು.

ಗಿರಣಿ ಬಿಟ್ಟು ಯಾರು ಓಡಿಹೋಗುತ್ತಾರೆ ಎಂದು ಕೇಳುತ್ತಿದ್ದಾರೆ ಎಂದುಕೊಂಡಳು ಗಿರಿಜವ್ವ.

“ಯಾರೂ ಓಡೂದಿಲ್ರಿ ಸಾಹೇಬ್ರ. ನೋ ರನ್!”

ಪಕ್ಕದಲ್ಲಿದ್ದ ಮೈದುನ ರಾವಸಾಹೇಬ ಮ್ಯಾಟ್ರಿಕ್ ಓದಿದವನು. “ಐ ವಿಲ್ ರನ್, ಸರ್” ಎಂದ. ಅಧಿಕಾರಿ ಅವನ ಹೆಸರು ಬರೆದುಕೊಂಡು ಹೋದರು.

ಮರುದಿನ ರಾವಸಾಹೇಬ ಕೀಲಿಕೈ ಕೇಳಿದ. “ವೈನಿ, ನೀವs ಒಲ್ಲೆ ಅಂದ್ರಲ್ಲ.”

ಅವಳು ಕೀಲಿಕೈ ಕೊಡದೆ ನೇರವಾಗಿ ಶಾಲೆಗೆ ಹೋಗಿ ಮಹಾವೀರ ಮಾಸ್ತರರಿಗೆ ಎಲ್ಲ ಹೇಳಿದಳು.

“ಆ ರನ್ ಬ್ಯಾರೆ, ಅಕ್ಕಾರ,” ಎಂದರು ಮಾಸ್ತರರು. “ಕಾಲಿಲೆ ಓಡಿದ್ರೂ ರನ್, ಹೊಳಿ ಹರದ್ರೂ ರನ್, ಮೂಗ ಸೋರಿದ್ರೂ ರನ್. ಗಿರಣಿ ನಡಸೂದಕ್ಕೂ ರನ್ ಅಂತಾರ.”

ಗಿರಿಜವ್ವ ಬೆರಳು ಮಡಚಿ ಎಣಿಸಿದಳು. “ಒಂದs ಮಾತಿಗೆ ಇಷ್ಟ ಅರ್ಥ ಇಟ್ಕೊಂಡು ಆ ಮಂದಿ ಹೆಂಗ ಬಾಳೇವು ಮಾಡ್ತಾರ್ರಿ?”

ಮಾಸ್ತರರು ಅರ್ಜಿ ಬರೆದುಕೊಟ್ಟರು. ಅವಳು ಒಬ್ಬಳೇ ಬಸ್ಸು ಹತ್ತಿ ರಾಯಬಾಗದ ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ನಿಂತಳು. ಎರಡೂ ಅಂಗೈ ಚಾಚಿ, “ಐ ರನ್ ಮಿಲ್. ಲೆಗ್ ನೋ. ಹ್ಯಾಂಡ್ ರನ್” ಎಂದಳು. ಅಂಗೈ ಗಟ್ಟಿ ಜಡ್ಡುಗಟ್ಟಿತ್ತು. ಅಧಿಕಾರಿ ನಗಲಿಲ್ಲ. ವಾರದೊಳಗೆ ಮತ್ತೆ ಊರಿಗೆ ಬಂದು, ತಮ್ಮೆದುರಿಗೇ ಗಿರಣಿ ಶುರುಮಾಡಲು ಇಬ್ಬರಿಗೂ ಹೇಳಿದರು.

ರಾವಸಾಹೇಬ ಏರಿಸಿದ ಬೆಲ್ಟು ಎರಡು ಸಲ ಜಾರಿತು. ಗಿರಿಜವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೇ ಸಲಕ್ಕೆ ಏರಿಸಿದಳು. ಪರವಾನಗಿ ಅವಳ ಹೆಸರಿಗೆ ಬಂತು.

ಮೈದುನ ಮಾತು ಬಿಟ್ಟ. ಅವಳೂ ತಾನಾಗಿ ಮಾತನಾಡಿಸಲಿಲ್ಲ. ಮೂರು ವರ್ಷದ ಮೇಲೆ ಅವನ ಮಗಳ ಮದುವೆ ಗೊತ್ತಾದಾಗ, ಅವನ ಹೆಂಡತಿ ಗೌರಾಬಾಯಿ ಎರಡು ಚೀಲ ಗೋಧಿ ಕಳಿಸಿದಳು. ಗಿರಿಜವ್ವ ಸಣ್ಣಗೆ ಬೀಸಿ, ಚೀಲಗಳನ್ನು ಗಾಡಿಗೆ ಹಾಕಿಸಿ, ತಾನೂ ಅದರಲ್ಲೇ ಕೂತು ಮದುವೆ ಮನೆಗೆ ಹೋದಳು. ರಾವಸಾಹೇಬ ಬಾಗಿಲಿಗೆ ಬಂದು ಚೀಲ ಇಳಿಸಿಕೊಂಡ.

“ಬರ್ರಿ ವೈನಿ,” ಎಂದ. “ಚಾ ಆಗೇತಿ.”