ಮಾಸ್ಟ್ರ ಬೈರಾಸು

ನಮ್ಮ ಮಾಸ್ಟ್ರ ಕಾಲುಗಳ ಮುಂಭಾಗದಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಮೊಣಕಾಲಿನಿಂದ ಪಾದದವರೆಗೆ ಕಪ್ಪಗೆ ಮಿರುಗುವ ಒಂದೊಂದು ಪಟ್ಟಿ. ಮೂವತ್ತು ವರ್ಷ ಕಬ್ಬಿಣದ ಬಾರ್ ಉಜ್ಜಿ ಉಜ್ಜಿ ಆದದ್ದು. ಹೊಸಬರಿಗೆ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಕಲಿಸುವಾಗ ಲುಂಗಿ ಎತ್ತಿ ಕಟ್ಟಿ ಮೊದಲು ಅದನ್ನೇ ತೋರಿಸುತ್ತಿದ್ದರು. "ನೋಡಿ, ಇದು ನನ್ನ ಸರ್ಟಿಫಿಕೇಟ್. ಬಾರ್ ಕಾಲಿಗೆ ತಾಗಿಕೊಂಡೇ ಮೇಲೆ ಬರ್ಬೇಕು. ದೂರ ಹೋಯ್ತೋ, ಪೂರಾ ಭಾರ ಸೊಂಟಕ್ಕೆ."

ಕುದ್ರೋಳಿಯ ಹಳೆಯ ಅಕ್ಕಿ ಗೋದಾಮಿನಲ್ಲಿತ್ತು ಅವರ ಜಿಮ್. ಗಲ್ಫಿನಲ್ಲಿ ಹದಿನೈದು ವರ್ಷ ದುಡಿದು ಬಂದು, ಮನೆಯವರು ಬಟ್ಟೆ ಅಂಗಡಿ ಹಾಕು ಅಂದರೆ ಇವರು ಕಬ್ಬಿಣ ತಂದು ಸುರಿದಿದ್ದರಂತೆ. ಕನ್ನಡಿ ಇಲ್ಲ, ಹಾಡಿಲ್ಲ, ಎರಡೇ ಫ್ಯಾನು. ಮಾಸ್ಟ್ರ ಹೆಗಲ ಮೇಲೆ ಬೆವರೊರೆಸಲು ಒಂದು ಕೆಂಪು ಬೈರಾಸು ಮಾತ್ರ ಯಾವಾಗಲೂ ಇರುತ್ತಿತ್ತು.

ನಾನು ಅಲ್ಲಿಗೆ ಹೋದಾಗ ನನಗೆ ಮೂವತ್ತೆಂಟು. ಎರಡನೇ ಹೆರಿಗೆಯ ನಂತರ ಸೊಂಟ ಹಿಡಿದು, ಫಳ್ನೀರಿನ ಒಬ್ಬ ಡಾಕ್ಟರು "ಒಂದು ಕೊಡಪಾನವನ್ನೂ ಎತ್ತಬೇಡಿ" ಅಂದಿದ್ದರು. ನೋವು ಹೋಯಿತು. ಒಂದು ವರ್ಷ ಕಳೆದು, ಇನ್ನು ಬೆನ್ನು ಗಟ್ಟಿ ಮಾಡಿಕೊಳ್ಳಿ ಎಂದೂ ಅವರೇ ಅಂದರು. ಆದರೆ ಮನೆಯಲ್ಲಿ ಆ ಮೊದಲ ಮಾತೇ ಗೋಡೆಗೆ ಬರೆದ ಹಾಗೆ ಉಳಿದುಬಿಟ್ಟಿತು. ಅಕ್ಕಿ ಚೀಲ ಬಿಡಿ, ನನ್ನ ಮಗುವನ್ನು ಎತ್ತಿಕೊಳ್ಳಲು ಹೋದರೂ ಅತ್ತೆ "ಬೇಡ ಬೇಡ" ಎಂದು ಓಡಿ ಬರುತ್ತಿದ್ದರು. ಪ್ರೀತಿಯೇ ಅದು, ಗೊತ್ತು. ಆದರೂ ನನಗೆ ಉರಿದುಹೋಗುತ್ತಿತ್ತು. ಹೆಚ್ಚು ಉರಿದದ್ದು ಯಾಕೆಂದರೆ, ಒಳಗೊಳಗೇ ನನಗೂ ನನ್ನ ಬೆನ್ನಿನ ಮೇಲೆ ನಂಬಿಕೆ ಇರಲಿಲ್ಲ.

ಮಾಸ್ಟ್ರು ಮೊದಲ ತಿಂಗಳು ಖಾಲಿ ಬಾರನ್ನಷ್ಟೇ ಎತ್ತಿಸಿದರು. ಪಾದದ ನಡುವೆ ಬಾರ್, ಹೊಟ್ಟೆ ತುಂಬ ಉಸಿರು, ಕಂಕುಳು ಬಿಗಿ. "ಎತ್ತುವ ಯೋಚನೆಯೇ ಮಾಡ್ಬೇಡಿ. ನೆಲವನ್ನು ತುಳಿಯಿರಿ, ಬಾರ್ ಅದರಷ್ಟಕ್ಕೆ ಬರ್ತದೆ," ಎನ್ನುವರು. ನೆಟ್ಟಗೆ ನಿಂತ ಮೇಲೆ ಅವರು "ಇಳಿಸಿ!" ಅನ್ನುವವರೆಗೆ ಇಳಿಸುವ ಹಾಗಿಲ್ಲ. ಅರ್ಧದಲ್ಲಿ ಬೆನ್ನು ಬಾಗಿತೆಂದು ಕಂಡರೂ ಅದೇ "ಇಳಿಸಿ!" ಆಗ ಮರುಮಾತಿಲ್ಲದೆ ಇಳಿಸಬೇಕು. ನಿಧಾನಕ್ಕೆ ನನ್ನ ಬೆನ್ನಿಗಿಂತ ಆ ಕೂಗಿನ ಮೇಲೆಯೇ ನನಗೆ ಭರವಸೆ ಬಂತು. ಹಾಗಾಗಿ ತೊಂಬತ್ತು ಕಿಲೋವರೆಗೆ ಬಂದೆ. ನೂರು ಮಾತ್ರ ಬರಲೊಲ್ಲದು. ಮೂರು ಸಲ ಮೊಣಕಾಲಿನ ಹತ್ತಿರ ಬಂದಾಗ ಹೆದರಿಕೆಯಲ್ಲಿ ಅವಸರ ಮಾಡಿ ಬೆನ್ನು ಬಾಗಿಸಿದೆ, ಮೂರು ಸಲವೂ "ಇಳಿಸಿ!"

ಉಳ್ಳಾಲದ ಒಂದು ಸಭಾಂಗಣದಲ್ಲಿ ಸ್ಪರ್ಧೆ ಇತ್ತು. ಮೊದಲ ಅವಕಾಶದಲ್ಲಿ ತೊಂಬತ್ತನ್ನು ಸಲೀಸಾಗಿ ಎತ್ತಿದೆ. ಎರಡನೆಯದಕ್ಕೆ ಮಾಸ್ಟ್ರು ನನ್ನನ್ನು ಕೇಳದೆಯೇ ನೂರು ಬರೆಸಿ ಬಂದರು. "ಎಂತ ಮಾಸ್ಟ್ರೇ ಇದು!" ಅಂದರೆ, "ಉಂಟು ಮಾರಾಯ್ರೆ, ನಿಮ್ಮಲ್ಲಿ ಉಂಟು. ನಾನು ನೋಡ್ತೇನಲ್ಲ," ಅಂದರು.

ಎಳೆದೆ. ಬಾರ್ ಕಾಲನ್ನು ಸವರಿಕೊಂಡು ಬಂತು, ಮೊಣಕಾಲು ದಾಟಿತು, ನಾನು ನೂರು ಕಿಲೋ ಹಿಡಿದು ನೆಟ್ಟಗೆ ನಿಂತಿದ್ದೆ! ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಅಷ್ಟರಲ್ಲಿ ಬಲಗಡೆಯಿಂದ ಪರಿಚಿತ ಸ್ವರ: "ಇಳಿಸಿ!" ಇಳಿಸಿದೆ.

ಮೂರು ಕೆಂಪು ದೀಪ ಹೊತ್ತಿತು, ಎಂದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ಸ್ಪರ್ಧೆಯಲ್ಲಿ ಇಳಿಸಲು ಸನ್ನೆ ಕೊಡುವುದು ಎದುರು ಕೂತ ತೀರ್ಪುಗಾರರು, ಅವರು ಕೈ ಕೆಳಗೆ ಮಾಡುವ ಮೊದಲೇ ಇಳಿಸಿದ್ದೆ. ಕೂಗಿದ್ದು ಮಾಸ್ಟ್ರು, ಖುಷಿಯಲ್ಲಿ, ತಾನಿರುವುದು ತನ್ನ ಗೋದಾಮಿನಲ್ಲಲ್ಲ ಎಂಬುದನ್ನೇ ಮರೆತು.

ಅವರ ಮುಖ ನೋಡಲಾಗಲಿಲ್ಲ. ಯಾರ ಎದುರೂ ತಲೆ ತಗ್ಗಿಸದ ಮನುಷ್ಯ, "ತಪ್ಪಾಯ್ತು ಮಾರಾಯ್ರೆ. ನಂದೇ ತಪ್ಪು. ಮೂವತ್ತು ವರ್ಷದ ಅಭ್ಯಾಸ ಬಾಯಿಗೆ ಬಂದುಬಿಟ್ಟಿತು," ಅಂದರು. ನನಗೆ ಅಳು, ಸಿಟ್ಟು, ನಗು ಒಟ್ಟಿಗೆ ಬರುತ್ತಿತ್ತು. ಉಳಿದದ್ದು ಒಂದೇ ಅವಕಾಶ. "ಇನ್ನೊಮ್ಮೆ ನೂರೇ ಹಾಕಿಸಿ," ಅಂದೆ. ಅವರು ಹೆಗಲಿನ ಬೈರಾಸು ತೆಗೆದು, ಮಡಚಿ, ಬಾಯೊಳಗೆ ತುರುಕಿಕೊಂಡು ಬಲಗಡೆ ಹೋಗಿ ನಿಂತರು.

ಮೂರನೆಯ ಸಲ ಬಾರ್ ಹಿಡಿದೆ. ನೆಲ ತುಳಿದೆ. ಬಾರ್ ಎದ್ದಿತು. ಮೊಣಕಾಲಿನ ಹತ್ತಿರ ಬಂದದ್ದೇ ಬೆನ್ನು ಬಾಗಲು ಶುರುವಾದದ್ದು ನನಗೇ ತಿಳಿಯಿತು. ಕಿವಿ ಆ ಕೂಗಿಗೆ ಕಾಯಿತು. ಇಲ್ಲ. ಹೇಳುವವರು ಯಾರೂ ಇಲ್ಲ, ನಾನೇ ನೋಡಿಕೊಳ್ಳಬೇಕು. ಅವಸರ ಮಾಡಲಿಲ್ಲ. ಕಂಕುಳು ಬಿಗಿ ಮಾಡಿ ಎದೆ ಎತ್ತಿದೆ. ಬೆನ್ನು ಮಾತು ಕೇಳಿತು! ಇಂಚಿಂಚಾಗಿ ಮೇಲೆ ಬಂತು ಬಾರ್. ನಿಂತೆ. ತೀರ್ಪುಗಾರರ ಕೈಯನ್ನೇ ನುಂಗುವ ಹಾಗೆ ನೋಡುತ್ತಾ ನಿಂತೆ. ಕೈ ಕೆಳಗೆ ಬಂತು. ಮೂರು ಬಿಳಿ ದೀಪ!

ತಿರುಗಿ ನೋಡಿದರೆ ಮಾಸ್ಟ್ರು ಬೈರಾಸು ತೆಗೆಯುವುದನ್ನೂ ಮರೆತು ಕುಣಿಯುತ್ತಿದ್ದರು, ಕೆನ್ನೆಯೆಲ್ಲ ಒದ್ದೆ. ಆಮೇಲೆ ಹತ್ತಿರ ಬಂದು ಅಂದರು: "ಮೊದಲಿನದ್ದೆಲ್ಲ ನಾನು ನೋಡಿ ಎತ್ತಿಸಿದ್ದು. ಇದು ಪೂರಾ ನಿಮ್ಮದು." ಅವತ್ತು ಮನೆಗೆ ಬಂದವಳೇ ಮಗಳನ್ನು ಎತ್ತಿಕೊಂಡೆ. ಅತ್ತೆ ಓಡಿ ಬಂದರು, ನನ್ನ ಮುಖ ನೋಡಿ ಹೆಗಲಿನ ಚೀಲವನ್ನಷ್ಟೇ ಇಳಿಸಿಕೊಂಡರು.

ಮಾಸ್ಟ್ರು ತೀರಿಹೋಗಿ ಒಂದು ವರ್ಷವಾಯಿತು. ಬೆಳಗ್ಗೆ ಹೆಂಗಸರಿಗೆ ಈಗ ನಾನೇ ಕಲಿಸುತ್ತೇನೆ. ತೋರಿಸಲು ನನ್ನ ಕಾಲಲ್ಲಿ ಇನ್ನೂ ಅಂಥ ಪಟ್ಟಿ ಬಂದಿಲ್ಲ, ಆದರೆ ಕೂಗು ಮಾತ್ರ ಅವರದ್ದೇ.

ಮೊನ್ನೆಯ ಸ್ಪರ್ಧೆಯಲ್ಲಿ ನಮ್ಮಲ್ಲಿ ಕಲಿಯುವ, ಮೀನು ಮಾರುವ ಒಬ್ಬ ಅಕ್ಕ ಎಂಬತ್ತು ಕಿಲೋ ಎತ್ತಲು ಇಳಿದಿದ್ದರು. ಬಾರ್ ಮೊಣಕಾಲು ದಾಟಿತು, ಅವರು ನೆಟ್ಟಗೆ ನಿಂತರು, ನನ್ನ ಗಂಟಲಿಗೆ "ಇಳಿಸಿ" ಬಂದೇಬಿಟ್ಟಿತು. ಬೈರಾಸು ಇರಲಿಲ್ಲ. ಚೂಡಿದಾರದ ಶಾಲನ್ನೇ ಮುಷ್ಟಿಯಷ್ಟು ಬಾಯಿಗೆ ತುರುಕಿ ಕಚ್ಚಿ ಹಿಡಿದೆ. ತೀರ್ಪುಗಾರರ ಕೈ ಕೆಳಗೆ ಬಂತು, ಬಿಳಿ ದೀಪ ಹೊತ್ತಿತು. ಆಮೇಲೆ ಶಾಲು ಉಗಿದು, ಮಾಸ್ಟ್ರು ಅವತ್ತು ಕೂಗದೆ ಉಳಿಸಿದ್ದನ್ನೂ ಸೇರಿಸಿ ಕೂಗಿದೆ.